ತಂಪು ಯಾರ ಮನೆಗೆ, ಬಿಸಿ ಯಾರ ಊರಿಗೆ?

ಬೇಸಿಗೆ ಏರುತ್ತಿದ್ದಂತೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನು ಬದಲಿಸುವ ರೂಢಿ ರಾಜ್ಯದಲ್ಲಿದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಚೇರಿ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಉಷ್ಣಾಂಶ 42 ಡಿಗ್ರಿ ದಾಟುವ ಯಾದಗಿರಿ, ಶಹಾಪುರ, ಸುರಪುರಗಳ ಮಧ್ಯಾಹ್ನ ಮನುಷ್ಯರು ದುಡಿಯಲು ತಕ್ಕದ್ದಲ್ಲ ಎಂಬುದನ್ನು ಸರ್ಕಾರವೇ ಲಿಖಿತವಾಗಿ ಒಪ್ಪಿಕೊಂಡಂತಾಯಿತು. ಆದರೆ ಈ ಕರುಣೆ ಕಡತ ಬರೆಯುವವರಿಗೆ ಮಾತ್ರ ಮೀಸಲು. ಕಲ್ಲು ಒಡೆಯುವವನಿಗೆ, ನಾರಾಯಣಪುರ ಕಾಲುವೆಯ ಕೆಳಗೆ ಬೇಸಿಗೆ ಭತ್ತ ಕೊಯ್ಯುವವಳಿಗೆ, ತಗಡಿನ ಸೂರಿನಡಿ ಮಲಗಿದ ಬಾಣಂತಿಗೆ ಯಾವ ಆದೇಶವೂ ಅನ್ವಯಿಸುವುದಿಲ್ಲ.

ಇಂಥ ಬಿಸಿಲಿಗೆ ಮದ್ದೆಂದು ಕೆಲವು ವರ್ಷಗಳಿಂದ ಹೊಸದೊಂದು ಯಂತ್ರದ ಕೀರ್ತಿ ಹಬ್ಬುತ್ತಿದೆ. ಅದು ಅಯಸ್ಕಾಂತದಿಂದ ತಂಪು ನೀಡುವ ಯಂತ್ರ. ಅದರಲ್ಲಿ ಸೋರುವ ಅನಿಲವಿಲ್ಲ, ಗುಡುಗುಡಿಸುವ ಕಂಪ್ರೆಸರ್ ಇಲ್ಲ, ಆದ್ದರಿಂದ ಅದು ಪರಿಸರಸ್ನೇಹಿ ಎಂಬ ಪ್ರಶಂಸೆ ಅದಕ್ಕೆ ಲಭಿಸಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬೆರಗು ಹುಟ್ಟಿಸುವ ವಿಷಯವೇ ಹೌದು. ಆದರೆ ‘ಪರಿಸರಸ್ನೇಹಿ’ ಎಂಬ ಪದವಿಯನ್ನು ಪೆಟ್ಟಿಗೆಯ ಹೊರಮೈ ನೋಡಿ ದಯಪಾಲಿಸುವ ಅವಸರವನ್ನು ಒಪ್ಪಲಾಗದು. ಮಲೆನಾಡಿನ ಪತ್ರಿಕೆಯೊಂದಕ್ಕೆ ಬಯಲುಸೀಮೆಯ ಬಿಸಿಲಿನ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ತಂಪಿನ ಯಂತ್ರಕ್ಕೆ ಬೇಕಾದ ಲೋಹ ಗುಡ್ಡದಿಂದ ಬರುತ್ತದೆ. ಅದನ್ನು ಓಡಿಸುವ ವಿದ್ಯುತ್ತು ಕಣಿವೆಯಿಂದ ಬರುತ್ತದೆ. ಉಸಾಬರಿಗೆ ಇಷ್ಟು ಕಾರಣ ಸಾಕು.

ಕಾಂತ ಕಾಯಿಸುತ್ತದೆ, ಕಾಂತ ತಣಿಸುತ್ತದೆ

ಮೊದಲು ಯಂತ್ರದ ಮರ್ಮವನ್ನು ತಿಳಿಯಬೇಕು. ಗ್ಯಾಡೋಲಿನಿಯಂ ಎಂಬ ಲೋಹದ ಪ್ರತಿ ಪರಮಾಣುವೂ ಒಂದು ಪುಟ್ಟ ಸೂಜಿಗಲ್ಲು. ಸಾಧಾರಣ ಸ್ಥಿತಿಯಲ್ಲಿ ಈ ಸೂಜಿಗಲ್ಲುಗಳು ಜಾತ್ರೆಯ ಜನರಂತೆ ದಿಕ್ಕಿಗೊಂದು ಮುಖ ಮಾಡಿರುತ್ತವೆ. ಬಲವಾದ ಅಯಸ್ಕಾಂತದ ನಡುವೆ ಲೋಹವನ್ನು ಇಟ್ಟೊಡನೆ ತೇರಿನ ಹಗ್ಗ ಹಿಡಿದವರಂತೆ ಅವೆಲ್ಲ ಒಂದೇ ದಿಕ್ಕಿಗೆ ತಿರುಗುತ್ತವೆ. ಅವುಗಳ ದಿಕ್ಕಿನಲ್ಲಿದ್ದ ಗೊಂದಲ ಕಡಿಮೆಯಾಗುತ್ತದೆ. ಆದರೆ ಹೊರಗಿನೊಡನೆ ಶಾಖದ ಕೊಡುಕೊಳೆ ಇಲ್ಲದಿರುವಾಗ ಗೊಂದಲ ಸುಮ್ಮನೆ ಇಲ್ಲವಾಗದು. ಅದು ಪರಮಾಣುಗಳ ಕಂಪನವಾಗಿ ರೂಪ ಬದಲಿಸುತ್ತದೆ, ಲೋಹ ಬಿಸಿಯಾಗುತ್ತದೆ. ಈ ಬಿಸಿಯನ್ನು ನೀರು ಹರಿಸಿ ಹೊರಕ್ಕೆ ಸಾಗಿಸಿ, ಬಳಿಕ ಲೋಹವನ್ನು ಅಯಸ್ಕಾಂತದಿಂದ ಈಚೆಗೆ ತೆಗೆದರೆ ಸಾಲು ಮತ್ತೆ ಚದುರುತ್ತದೆ. ಚದುರಲು ಬೇಕಾದ ಶಕ್ತಿಯನ್ನು ಲೋಹ ತನ್ನ ಕಂಪನದಿಂದಲೇ ಪಡೆಯುತ್ತದೆ, ಹಾಗಾಗಿ ಮೊದಲಿಗಿಂತ ತಣ್ಣಗಾಗುತ್ತದೆ. ಆ ತಂಪಿನ ಮೇಲೆ ಮತ್ತೆ ನೀರು ಹರಿಸಿದರೆ ತಣ್ಣೀರು ಸಿದ್ಧ.

ಈ ತತ್ತ್ವ ಇಂದಿನದಲ್ಲ. ಪಿಯರ್ ವೈಸ್ ಮತ್ತು ಒಗ್ಯುಸ್ತ್ ಪಿಕಾರ್ ನಿಕ್ಕಲ್ ಲೋಹದಲ್ಲಿ ಇದನ್ನು 1917ರಲ್ಲಿ ಗುರುತಿಸಿದರು. 1933ರಲ್ಲಿ ಅಮೆರಿಕದ ವಿಲಿಯಂ ಜಿಯೋಕ್ ಇದೇ ಮಾರ್ಗದಿಂದ ಪರಮಶೂನ್ಯಕ್ಕೆ ಅತಿ ಸಮೀಪದ ಶೈತ್ಯವನ್ನು ಸಾಧಿಸಿದರು. ಅತಿ ಶೀತದಲ್ಲಿ ವಸ್ತುಗಳ ವರ್ತನೆಯ ಅಧ್ಯಯನಕ್ಕಾಗಿ 1949ರಲ್ಲಿ ಅವರಿಗೆ ನೊಬೆಲ್ ಪುರಸ್ಕಾರ ದೊರೆಯಿತು. ಕೋಣೆಯ ಉಷ್ಣಾಂಶದಲ್ಲಿ ಇದನ್ನು ಬಳಸಬಹುದೆಂದು ನಾಸಾದ ಜೆರಾಲ್ಡ್ ಬ್ರೌನ್ 1976ರಲ್ಲಿ ತೋರಿಸಿದರು. 1997ರಲ್ಲಿ ಅಮೆರಿಕದ ಏಮ್ಸ್ ಪ್ರಯೋಗಾಲಯದ ಪೆಚಾರ್ಸ್ಕಿ ಮತ್ತು ಷ್ನೈಡ್ನರ್ ಗ್ಯಾಡೋಲಿನಿಯಂ, ಸಿಲಿಕಾನ್, ಜರ್ಮೇನಿಯಂಗಳ ಮಿಶ್ರಲೋಹದಲ್ಲಿ ಈ ಪರಿಣಾಮ ಹಲವು ಪಾಲು ಹೆಚ್ಚಿರುವುದನ್ನು ಪ್ರಕಟಿಸಿದ ಮೇಲೆ ಜಗತ್ತಿನ ಗಮನ ಇತ್ತ ಹರಿಯಿತು.

ಈ ಕಥೆಯಲ್ಲಿ ಗಮನಿಸಬೇಕಾದ ಪಾಠ ಒಂದಿದೆ. ಕಾಂತ ತಂಪನ್ನು ಸೃಷ್ಟಿಸುವುದಿಲ್ಲ. ಅದು ಶಾಖವನ್ನು ಇಲ್ಲಿಂದ ಎತ್ತಿ ಅಲ್ಲಿ ಇಳಿಸುತ್ತದೆ. ಬಿಸಿಯನ್ನು ಹೊರಹಾಕುವ ಬದಿಯೊಂದಿಲ್ಲದೆ ತಂಪಿನ ಬದಿಯಿಲ್ಲ. ಯಂತ್ರದೊಳಗೆ ಎಲ್ಲ ವಿಜ್ಞಾನಿಗಳೂ ಒಪ್ಪುವ ಈ ನಿಯಮವನ್ನು ಯಂತ್ರದ ಹೊರಗೆ, ಅಂದರೆ ಊರು, ಗಣಿ, ನದಿಗಳ ನಡುವೆ, ಮರೆಮಾಚಲಾಗುತ್ತಿದೆ.

ಯಾದಗಿರಿಯ ಬಿಸಿಲಿನಲ್ಲಿ ಗ್ಯಾಡೋಲಿನಿಯಂ

ಗ್ಯಾಡೋಲಿನಿಯಂ ಅತ್ಯುತ್ತಮವಾಗಿ ಕೆಲಸ ಮಾಡುವುದು ಸುಮಾರು 20 ಡಿಗ್ರಿಯ ಆಸುಪಾಸಿನಲ್ಲಿ. ಆ ಉಷ್ಣಾಂಶವನ್ನು ದಾಟಿ ಮೇಲೇರಿದಷ್ಟೂ ಅದರ ಕಾಂತಶಿಸ್ತು ಸಡಿಲಗೊಳ್ಳುತ್ತದೆ. ಸರಿಯಾದ ಉಷ್ಣಾಂಶದಲ್ಲೂ, 2 ಟೆಸ್ಲಾ ಕ್ಷೇತ್ರದಲ್ಲಿ, ಅಂದರೆ ಭೂಮಿಯ ಕಾಂತಬಲಕ್ಕಿಂತ ನಲವತ್ತು ಸಾವಿರ ಪಟ್ಟಿಗೂ ಮಿಗಿಲಾದ ಕ್ಷೇತ್ರದಲ್ಲಿ, ಅದು ಏರುವುದು ಇಳಿಯುವುದು ಸುಮಾರು 5 ಡಿಗ್ರಿ ಮಾತ್ರ. ಮನೆಬಳಕೆಯ ಯಂತ್ರಕ್ಕೆ ಹೊಂದುವ ಶಾಶ್ವತ ಅಯಸ್ಕಾಂತಗಳ ಕ್ಷೇತ್ರ ಅದಕ್ಕಿಂತಲೂ ಕಡಿಮೆ. ಹಾಗಾಗಿ ಬೇರೆ ಬೇರೆ ಉಷ್ಣಾಂಶಕ್ಕೆ ಹೊಂದುವ ಹಲವು ಮಿಶ್ರಲೋಹಗಳನ್ನು ಪದರ ಪದರವಾಗಿ ಜೋಡಿಸಿ, ಅವುಗಳ ನಡುವೆ ದ್ರವವನ್ನು ಹಿಂದಕ್ಕೂ ಮುಂದಕ್ಕೂ ಓಡಾಡಿಸಿ, ಮೆಟ್ಟಿಲು ಹತ್ತಿದಂತೆ ಅಂತರವನ್ನು ಹೆಚ್ಚಿಸಬೇಕಾಗುತ್ತದೆ.

ಶೀತದೇಶದ ಪ್ರಯೋಗಾಲಯದಲ್ಲಿ ಹೊರಗಿನ ಗಾಳಿ 20 ಡಿಗ್ರಿ ಇರುವಾಗ ಒಳಗೆ 5 ಡಿಗ್ರಿ ತಂದರೆ ಅಂತರ 15. ಸುರಪುರದ ಮೇ ತಿಂಗಳಿನಲ್ಲಿ ಹೊರಗೆ 43 ಇರುವಾಗ ಅದೇ 5 ಡಿಗ್ರಿಯನ್ನು ಕಾಯ್ದುಕೊಳ್ಳಲು ಅಂತರ 38. ಹೊರೆ ಎರಡೂವರೆ ಪಟ್ಟು. ಯಂತ್ರ ಯಾವ ಊರಿನ ಮಧ್ಯಾಹ್ನಕ್ಕೆ ತಯಾರಾಗಿದೆ ಎಂದು ಕೇಳದೆ ಅದರ ದಕ್ಷತೆಯನ್ನು ಕೊಂಡಾಡುವುದು, ಕೊಡಗಿನ ಮಳೆ ಅಳೆದು ಯಾದಗಿರಿಯ ಬಿತ್ತನೆ ನಿರ್ಧರಿಸಿದಂತೆ.

‘ಅನಿಲವಿಲ್ಲ’ ಎಂಬ ಹೆಗ್ಗಳಿಕೆಯನ್ನೂ ತೂಗಿ ನೋಡಬೇಕು. ಹಳೆಯ ಫ್ರಿಜ್ಜುಗಳಲ್ಲಿ ಬಳಕೆಯಾಗುತ್ತಿದ್ದ 134ಎ ಎಂಬ ಅನಿಲ ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಶಾಖ ಹಿಡಿಯುತ್ತದೆ ಎಂಬುದು ನಿಜ. ಇಂಥ ಅನಿಲಗಳನ್ನು ಇಳಿಸುವ 2016ರ ಕಿಗಾಲಿ ಒಪ್ಪಂದವನ್ನು ಭಾರತ 2021ರಲ್ಲಿ ಅನುಮೋದಿಸಿತು. ಆದರೆ ಐಸೊಬ್ಯೂಟೇನ್ ಬಳಸುವ ಫ್ರಿಜ್ಜುಗಳು ಇಂದು ಅಂಗಡಿಗಳಲ್ಲಿ ಸಾಮಾನ್ಯ. ಪ್ರೊಪೇನ್ ಬಳಸುವ ಹವಾನಿಯಂತ್ರಕಗಳೂ ಭಾರತದಲ್ಲಿ ತಯಾರಾಗಿವೆ. ಇವು ಭೂಮಿಯನ್ನು ಬಿಸಿಯಾಗಿಸುವ ಪ್ರಮಾಣ ತೀರ ಅಲ್ಪ. ಎಂದಮೇಲೆ ಕಾಂತಯಂತ್ರವನ್ನು ಹಳೆಯ ಕೆಟ್ಟ ಅನಿಲದೊಡನೆ ಹೋಲಿಸಿ ಗೆಲ್ಲಿಸುವುದು ಕುಂಟನ ಜೊತೆ ಓಟ ಕಟ್ಟಿದಂತಾಗುತ್ತದೆ. 2014ರಲ್ಲಿ ಸ್ವೀಡನ್ನಿನ ಕೆಟಿಎಚ್ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಬಗೆಯ ಮನೆಬಳಕೆಯ ಫ್ರಿಜ್ಜುಗಳನ್ನು ಹುಟ್ಟಿನಿಂದ ಕೊನೆಯವರೆಗೆ ತೂಗಿ ನೋಡಿದರು. ಆ ಪ್ರಾಥಮಿಕ ಹೋಲಿಕೆಯಲ್ಲಿ ಕಾಂತದ ಫ್ರಿಜ್ಜಿನ ಪರಿಸರ ಹೊರೆಯೇ ಹೆಚ್ಚಾಗಿ ಕಂಡಿತು. ಅದಕ್ಕೆ ಮುಖ್ಯ ಕಾರಣ, ಅಯಸ್ಕಾಂತಕ್ಕೆ ಬಳಸುವ ವಿರಳ ಭಸ್ಮ ಲೋಹಗಳು.

ಲೋಹ ಬರುವ ದಾರಿ

ಬಲಿಷ್ಠ ಅಯಸ್ಕಾಂತಕ್ಕೆ ನಿಯೋಡಿಮಿಯಂ ಬೇಕು. ಬಿಸಿಯಲ್ಲೂ ಅದು ಬಲ ಕಳೆದುಕೊಳ್ಳದಿರಲು ಡಿಸ್ಪ್ರೋಸಿಯಂ ಬೇಕು. ಇವು ಚೀನಾದ ಬಯಾನ್ ಓಬೊದಂಥ ಬೃಹತ್ ಗಣಿಗಳಿಂದ, ಮ್ಯಾನ್ಮಾರಿನ ಕಚಿನ್ ಬೆಟ್ಟಗಳಿಂದ ಬರುತ್ತವೆ. ಕಚಿನ್ ಬೆಟ್ಟಗಳಲ್ಲಿ ಗಣಿಗಾರಿಕೆಯ ರೀತಿ ಮಲೆನಾಡಿಗರ ನಿದ್ದೆ ಕೆಡಿಸುವಂಥದು. ಗುಡ್ಡದ ನೆತ್ತಿಯಲ್ಲಿ ರಂಧ್ರ ಕೊರೆದು ಅಮೋನಿಯಂ ಸಲ್ಫೇಟ್ ದ್ರಾವಣವನ್ನು ಸುರಿಯುತ್ತಾರೆ. ಅದು ಮಣ್ಣಿನೊಳಗಿನ ಲೋಹವನ್ನು ಕರಗಿಸಿಕೊಂಡು ಬುಡದಲ್ಲಿ ಒಸರಿ ಬರುತ್ತದೆ. ತೊರೆಯ ನೀರು ಕುಡಿಯುವವರ ಪಾಡನ್ನು ವಿವರಿಸಬೇಕಾಗಿಲ್ಲ. ನೀರು ಕೊಡುತ್ತಿದ್ದ ಗುಡ್ಡವೇ ಅಲ್ಲಿ ರಾಸಾಯನಿಕದ ಸೋಸುಬುಟ್ಟಿ.

ಕಾಂತಗುಣದ ಅದಿರಿಗಾಗಿ ಗುಡ್ಡ ಕರಗಿಸಿದ ಅನುಭವ ಸಹ್ಯಾದ್ರಿಗೂ ಹೊಸದಲ್ಲ. ಕುದುರೆಮುಖದಲ್ಲಿ ಸಿಕ್ಕಿದ್ದು ಮ್ಯಾಗ್ನಟೈಟ್, ಅಂದರೆ ಸೂಜಿಗಲ್ಲಿನ ಜಾತಿಯ ಕಬ್ಬಿಣದ ಅದಿರು. 1976ರಲ್ಲಿ ಸ್ಥಾಪಿತವಾದ ಕಂಪನಿ ಅದನ್ನು ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಕೊಳವೆಯಲ್ಲಿ ಮಂಗಳೂರಿನ ಬಂದರಿಗೆ ಹರಿಸಿತು. ಉಳಿದ ಕೆಸರು ಲಕ್ಯಾ ಅಣೆಕಟ್ಟೆಯ ಹಿಂದೆ ಬಿದ್ದಿದೆ. ಭದ್ರೆಯ ನೀರು ಕೆಂಪೇರಿದ್ದನ್ನು ಕೆಳಗಿನ ರೈತರು ಕಂಡರು. ಸರ್ವೋಚ್ಚ ನ್ಯಾಯಾಲಯದ 2002ರ ತೀರ್ಪಿನಂತೆ 2005ರ ಕೊನೆಯಲ್ಲಿ ಗಣಿ ನಿಂತಿತು. ಈ ತೀರ್ಪು ಆಕಾಶದಿಂದ ಉದುರಲಿಲ್ಲ. ಹಳ್ಳಿಗರು, ವಿದ್ಯಾರ್ಥಿಗಳು, ವಕೀಲರು, ವಿಜ್ಞಾನಿಗಳು ವರ್ಷಗಟ್ಟಲೆ ಕೇಳಿದ ಪ್ರಶ್ನೆಗಳು ಅದರ ಹಿಂದಿದ್ದವು. ಪ್ರಶ್ನೆ ಕೇಳುವ ಅವಕಾಶವಿದ್ದುದರಿಂದ ಕುದುರೆಮುಖದ ಶೋಲಾ ಕಾಡುಗಳಲ್ಲಿ ಒಂದಿಷ್ಟಾದರೂ ಉಳಿದಿವೆ.

ಭಾರತದಲ್ಲಿ ವಿರಳ ಭಸ್ಮ ಲೋಹಗಳ ಮುಖ್ಯ ಮೂಲ ಕೇರಳ, ತಮಿಳುನಾಡು, ಒಡಿಶಾಗಳ ಕಡಲತೀರದ ಮೊನಜೈಟ್ ಮರಳು. ಮೊನಜೈಟಿನೊಳಗೆ ವಿಕಿರಣಶೀಲ ಥೋರಿಯಂ ಇದೆ, ಹಾಗಾಗಿ ಕಾನೂನಿನಲ್ಲಿ ಅದು ಪರಮಾಣು ಖನಿಜ. ಚೀನಾ 2025ರ ಏಪ್ರಿಲ್‌ನಲ್ಲಿ ಗ್ಯಾಡೋಲಿನಿಯಂ, ಡಿಸ್ಪ್ರೋಸಿಯಂ ಸೇರಿ ಏಳು ಲೋಹಗಳ ರಫ್ತಿಗೆ ಕಡಿವಾಣ ಹಾಕಿತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ಒಂದು ಜ್ಞಾಪನ ಹೊರಡಿಸಿ, ಪರಮಾಣು ಖನಿಜ ಮತ್ತು ‘ನಿರ್ಣಾಯಕ’ ಖನಿಜಗಳ ಗಣಿಗಳಿಗೆ ಸಾರ್ವಜನಿಕ ಆಲಿಕೆಯಿಂದ ವಿನಾಯಿತಿ ನೀಡಿತು. ದೇಶದ ರಕ್ಷಣೆ, ಸ್ವಾವಲಂಬನೆ, ಶುದ್ಧ ತಂತ್ರಜ್ಞಾನ ಎಂಬ ಮೂರು ಮಂತ್ರಗಳನ್ನು ಜಪಿಸಿ, ಊರಿನವರ ಬಾಯಿ ಮುಚ್ಚಿಸಲಾಯಿತು.

ಗೋಗಿಯ ನೆಲದಡಿ

ಈ ಜ್ಞಾಪನದ ನೆರಳು ಕಡಲತೀರದಲ್ಲಿ ಮಾತ್ರ ಬೀಳುವುದಿಲ್ಲ. ಪರಮಾಣು ಖನಿಜಗಳ ಅದೇ ಪಟ್ಟಿಯಲ್ಲಿ ಯುರೇನಿಯಂ ಇದೆ. ಯುರೇನಿಯಂ ಇರುವ ಊರುಗಳ ಸಾಲಿನಲ್ಲಿ ಶಹಾಪುರ ತಾಲ್ಲೂಕಿನ ಗೋಗಿ ಇದೆ. ಚಂದಾ ಹುಸೇನಿ ದರ್ಗಾದಿಂದ, ಬಿಜಾಪುರದ ಆದಿಲಶಾಹಿ ಅರಸರ ಸಮಾಧಿಗಳಿಂದ ಹೆಸರಾದ ಊರಿದು. ಭೀಮಾ ಕೊಳ್ಳದ ಸುಣ್ಣಕಲ್ಲು ಮತ್ತು ಅದರ ಕೆಳಗಿನ ಗ್ರಾನೈಟ್ ಬಿರುಕುಬಿಟ್ಟಿರುವ ಜಾಗದಲ್ಲಿ ಪರಮಾಣು ಖನಿಜ ನಿರ್ದೇಶನಾಲಯ ಯುರೇನಿಯಂ ಅದಿರನ್ನು ಗುರುತಿಸಿತು. ಇಲ್ಲಿನ ಅದಿರು ಜಾರ್ಖಂಡದ ಜಾದೂಗುಡದ ಅದಿರಿಗಿಂತ ಸಾಂದ್ರವಾದುದು. ಭಾರತೀಯ ಯುರೇನಿಯಂ ನಿಗಮ ಇಲ್ಲಿ ಅನ್ವೇಷಣಾ ಗಣಿಯನ್ನು ತೋಡಿತು, ಊರಿನವರಿಂದ ವಿರೋಧ ಎದುರಾಯಿತು.

ಗೋಗಿಯಲ್ಲಿರುವುದು ಅಯಸ್ಕಾಂತದ ಲೋಹವಲ್ಲ. ಕಾಂತಯಂತ್ರಕ್ಕಾಗಿ ಗೋಗಿಯನ್ನು ಅಗೆಯುತ್ತಾರೆಂದು ಹೇಳಿದರೆ ಅದು ಸುಳ್ಳಾದೀತು. ಗೋಗಿಗೂ ತಂಪಿಗೂ ಇರುವ ನಂಟು ಎರಡು. ಮೊದಲನೆಯದು ವಿದ್ಯುತ್ತು. ಕಾಂತದ್ದಿರಲಿ, ಅನಿಲದ್ದಿರಲಿ, ತಂಪಿನ ಪೆಟ್ಟಿಗೆ ಓಡುವುದು ವಿದ್ಯುತ್ತಿನಿಂದ. ಶಿವರಾಮ ಕಾರಂತರು ವಿರೋಧಿಸಿದ, ಆದರೂ ಕಾಳಿ ಕಣಿವೆಯಲ್ಲಿ ಎದ್ದುನಿಂತ ಕೈಗಾ ಸ್ಥಾವರದ ನಾಲ್ಕು ಘಟಕಗಳ ಉರುವಲು ಯುರೇನಿಯಂ. ಮಲೆನಾಡಿನ ಸ್ಥಾವರ ಮತ್ತು ಬಯಲುಸೀಮೆಯ ಗಣಿ ಒಂದೇ ಸರಪಳಿಯ ಎರಡು ಕೊಂಡಿಗಳು. ಎರಡನೆಯದು ಕಾನೂನು. ‘ನಾಡಿಗೆ ಬೇಕಾದ ಖನಿಜ’ ಎಂಬ ಒಂದೇ ಮಾತಿನಿಂದ ವಿರಳ ಲೋಹಕ್ಕೂ ಯುರೇನಿಯಮ್ಮಿಗೂ ಒಂದೇ ಕಳ್ಳಬಾಗಿಲು ತೆರೆದಿದೆ. ನಾಳೆ ಗೋಗಿಯಲ್ಲಿ ಗಣಿಗೆ ಅನುಮತಿ ಕೇಳಿದರೆ, ಶಾಮಿಯಾನದ ಕೆಳಗೆ ಜಿಲ್ಲಾಧಿಕಾರಿಗಳೆದುರು ಎದ್ದುನಿಂತು ‘ಬಾವಿಯ ನೀರಿನ ಗತಿಯೇನು?’ ಎಂದು ಕೇಳುವ ಹಕ್ಕು ಆ ಜ್ಞಾಪನದ ಪ್ರಕಾರ ಊರಿನವರಿಗಿಲ್ಲ.

ಬಾವಿಯ ಪ್ರಶ್ನೆ ಕಾಲ್ಪನಿಕವಲ್ಲ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಯುರೇನಿಯಂ 30 ಮೈಕ್ರೊಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಣಿ ತೋಡುವವರು ಸುರಂಗಕ್ಕೆ ನುಗ್ಗುವ ನೀರನ್ನು ಹೊರಕ್ಕೆ ಪಂಪು ಮಾಡಲೇಬೇಕು. ಅದಿರನ್ನು ಅರೆದ ಮೇಲೆ ಅದರ ತೀರ ಸಣ್ಣ ಪಾಲು ಮಾತ್ರ ಯುರೇನಿಯಂ ಆಗಿ ಹೋಗುತ್ತದೆ, ಉಳಿದದ್ದೆಲ್ಲ ಕೆಸರಾಗಿ ಅಲ್ಲೇ ಉಳಿಯುತ್ತದೆ. ಆ ಕೆಸರಿನೊಳಗೆ ರೇಡಿಯಂ ಸಾವಿರಾರು ವರ್ಷ ಬಾಳುತ್ತದೆ. ಬೆಂಗಳೂರಿನ ಮಹಡಿಯೊಂದರಲ್ಲಿ ಕೋಣೆ 24 ಡಿಗ್ರಿಗೆ ಇಳಿದಿದೆಯೆಂದರೆ, ಆ ಇಳಿತದ ಬೆಲೆಯನ್ನು ತೆತ್ತ ಊರೊಂದು ಎಲ್ಲೋ ಇದೆ. ಹೊರಹಾಕಿದ ಬಿಸಿ ಎಲ್ಲಿ ಇಳಿಯಿತು ಎಂಬ ವಿಜ್ಞಾನದ ಪ್ರಶ್ನೆಯನ್ನು ಸಮಾಜಕ್ಕೂ ಕೇಳಬೇಕಾಗಿದೆ.

ವಿಜ್ಞಾನ ಬೇಡವೆಂದಲ್ಲ

ಇಷ್ಟು ಹೇಳಿದ ಕೂಡಲೇ ‘ಇವರು ಪ್ರಗತಿವಿರೋಧಿಗಳು’ ಎಂಬ ಹಳೆಯ ಪಲ್ಲವಿ ಕೇಳಿಬರುತ್ತದೆ. ಬಿಸಿಲಿನ ನಾಡಿಗೆ ತಂಪು ಬೇಡವೆಂದು ಹೇಳುವುದು ಅಮಾನವೀಯ. ಪ್ರಾಥಮಿಕ ಆರೋಗ್ಯ ಕೇಂದ್ರದ ಲಸಿಕೆ ಕೆಡಬಾರದು, ರೈತನ ತರಕಾರಿ ಸಂತೆ ತಲುಪುವ ಮೊದಲೇ ಬಾಡಬಾರದು, ಹಸುಗೂಸು ಸೆಕೆಯಿಂದ ಬಳಲಬಾರದು. ಇಲ್ಲಿರುವ ಆಕ್ಷೇಪ ಕಾಂತದ ಮೇಲಲ್ಲ, ಅರ್ಧ ಲೆಕ್ಕವನ್ನು ಪೂರ್ಣ ಲೆಕ್ಕವೆಂದು ಒಪ್ಪಿಸುವುದರ ಮೇಲೆ.

ವಿಜ್ಞಾನವೇ ಬೇರೆ ದಾರಿಗಳನ್ನೂ ತೋರಿಸಿದೆ. ಹೇರಳವಾಗಿ ಸಿಗುವ ಕಬ್ಬಿಣ ಮತ್ತು ಮ್ಯಾಂಗನೀಸ್‌ಗಳನ್ನು ಆಧರಿಸಿದ ಮಿಶ್ರಲೋಹಗಳು ಗ್ಯಾಡೋಲಿನಿಯಮ್ಮಿನ ಕೆಲಸವನ್ನು ಮಾಡಬಲ್ಲವು. ಅವುಗಳ ಪಾಕವನ್ನು ಬದಲಿಸಿ ಹೆಚ್ಚಿನ ಉಷ್ಣಾಂಶಕ್ಕೂ ಹೊಂದಿಸಬಹುದು. ಇನ್ನು ಕೆಲವು ವಸ್ತುಗಳು ಕಾಂತಕ್ಕೆ ಮಾತ್ರವಲ್ಲದೆ ಒತ್ತಡಕ್ಕೂ ಸ್ಪಂದಿಸುತ್ತವೆ. ನಿಕ್ಕಲ್, ಮ್ಯಾಂಗನೀಸ್, ಇಂಡಿಯಂಗಳ ಮಿಶ್ರಲೋಹದ ಸ್ವಭಾವ ಗ್ಯಾಡೋಲಿನಿಯಮ್ಮಿಗೆ ತದ್ವಿರುದ್ಧ. ಅದು ಕಾಂತಕ್ಷೇತ್ರದಲ್ಲಿ ತಣ್ಣಗಾಗುತ್ತದೆ, ಹಿಂಡಿದರೆ ಬಿಸಿಯಾಗುತ್ತದೆ. ಅದಕ್ಕೆ ಒಂದು ಹಟವೂ ಇದೆ: ಕ್ಷೇತ್ರವನ್ನು ತೆಗೆದರೂ ಅದು ಕೂಡಲೇ ಹಿಂದಿನ ಸ್ಥಿತಿಗೆ ಮರಳುವುದಿಲ್ಲ. ಬಹುಕಾಲ ದೋಷವೆನಿಸಿದ್ದ ಈ ಹಟವನ್ನೇ ಜರ್ಮನಿಯ ಸಂಶೋಧಕರು 2018ರಲ್ಲಿ ಗುಣವಾಗಿ ಬಳಸಿಕೊಂಡರು. ಕಾಂತವನ್ನು ಕ್ಷಣಕಾಲ ಮಾತ್ರ ಸೋಕಿಸಿ ತಂಪನ್ನು ಪಡೆದು, ಬಳಿಕ ಒತ್ತಡದಿಂದ ವಸ್ತುವನ್ನು ಮೊದಲಿನ ಸ್ಥಿತಿಗೆ ತಳ್ಳುವ ಕ್ರಮವಿದು. ಕ್ಷೇತ್ರವನ್ನು ಹಿಡಿದು ನಿಲ್ಲಿಸಬೇಕಾಗಿಲ್ಲವಾದ್ದರಿಂದ ಅಯಸ್ಕಾಂತದ ಗಾತ್ರ ತುಂಬ ಇಳಿಯಬಲ್ಲದು. 2019ರಲ್ಲಿ ಇನ್ನೊಂದು ಹೆಜ್ಜೆ ಕಂಡಿತು. ಬಣ್ಣ ಮುಂತಾದವುಗಳ ತಯಾರಿಕೆಯಲ್ಲಿ ಬಳಸುವ ನಿಯೊಪೆಂಟೈಲ್ ಗ್ಲೈಕಾಲ್ ಎಂಬ ಅಗ್ಗದ ಹರಳು ಕೇವಲ ಒತ್ತಡಕ್ಕೆ ಭಾರಿ ಪ್ರಮಾಣದಲ್ಲಿ ಕಾಯ್ದು ತಣಿಯುತ್ತದೆಂದು ಸಂಶೋಧಕರು ವರದಿ ಮಾಡಿದರು. ಅಲ್ಲಿ ಅಯಸ್ಕಾಂತವೇ ಬೇಕಿಲ್ಲ. ಅದಕ್ಕೆ ಬೇಕಾದ ಒತ್ತಡ ವಾಯುಭಾರದ ಸಾವಿರಾರು ಪಟ್ಟು ಎಂಬುದು ಇನ್ನೂ ಬಗೆಹರಿಯದ ತೊಡಕು. ಸಾರ್ವಜನಿಕರ ಹಣ ಸಂಶೋಧನೆಗೆ ಹರಿಯುವುದಾದರೆ ಇಂಥ ತೊಡಕುಗಳನ್ನು ಬಿಡಿಸುವುದಕ್ಕೆ ಹರಿಯಲಿ. ಗುಡ್ಡ ಕರಗಿಸುವುದಕ್ಕೆ ಬೇಡ.

ಯಂತ್ರ ಬರುವ ಮೊದಲೇ ಸಿಗುವ ತಂಪೂ ಒಂದಿದೆ. ಶಹಾಪುರ, ಸುರಪುರಗಳ ಹಳೆಯ ಮಾಳಿಗೆ ಮನೆಗಳ ಒಂದೂವರೆ ಮೊಳದ ಕಲ್ಲುಮಣ್ಣಿನ ಗೋಡೆ, ಮೇಲಿನ ಮಣ್ಣಿನ ಹಾಸು, ಅಂಗಳದ ಬೇವು, ಊರ ಮುಂದಿನ ಕೆರೆ ಇವೆಲ್ಲ ಬಿಸಿಲಿನೊಡನೆ ಬಾಳಿದ ಜನರ ಶಾಸ್ತ್ರ. ಆ ಜಾಗಕ್ಕೆ ತಗಡನ್ನೂ ಬರಿಯ ಕಾಂಕ್ರೀಟನ್ನೂ ತಂದವರು ಈಗ ಒಳಗೆ ಕೂರಲಾಗದೆ ಯಂತ್ರ ಹುಡುಕುತ್ತಿದ್ದಾರೆ. ಚಾವಣಿಗೆ ಸುಣ್ಣ ಬಳಿದರೆ ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಯಾದಗಿರಿಯ ಗಡಿಯಾಚೆಗಿನ ತೆಲಂಗಾಣ 2023ರಲ್ಲಿಯೇ ತಂಪು ಚಾವಣಿ ನೀತಿಯನ್ನು ತಂದಿತು. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ತಂಪು ಕ್ರಿಯಾಯೋಜನೆ ಕೂಡ ಯಂತ್ರಕ್ಕೆ ಮುನ್ನ ಕಟ್ಟಡದ ವಿನ್ಯಾಸದಿಂದಲೇ ತಂಪಿನ ಬೇಡಿಕೆಯನ್ನು ಇಳಿಸುವ ಮಾತನ್ನು ಆಡುತ್ತದೆ. ಆಶ್ರಯ ಮನೆ ಕಟ್ಟಿಸುವವರು, ಅಂಗನವಾಡಿ ಕಟ್ಟಿಸುವವರು ಆ ಪುಟವನ್ನು ತೆರೆದು ಓದಿದರೆ ಸಾಕು.

ಕೇಳಬೇಕಾದದ್ದು

ಆದುದರಿಂದ ಬೇಡಿಕೆಗಳು ಸ್ಪಷ್ಟವಾಗಿರಬೇಕು. ಒಂದು, ಯಾವ ತಂಪಿನ ಯಂತ್ರಕ್ಕೂ ‘ಹಸಿರು’ ಎಂಬ ಹೆಸರು ಕೊಡುವ ಮುನ್ನ ಅದರ ಲೋಹ ಎಲ್ಲಿಯದು, ಹಳೆಯ ಯಂತ್ರದ ಅಯಸ್ಕಾಂತವನ್ನು ಮರಳಿ ಪಡೆಯುವವರು ಯಾರು ಎಂಬ ವಿವರ ಪ್ರಕಟವಾಗಬೇಕು. ಎರಡು, ಅದರ ದಕ್ಷತೆಯನ್ನು 20 ಡಿಗ್ರಿಯ ಕೋಣೆಯಲ್ಲಲ್ಲ, ಯಾದಗಿರಿಯ 43 ಡಿಗ್ರಿಯಲ್ಲಿ ಅಳೆಯಬೇಕು. ಮೂರು, ಹೊಸ ಯಂತ್ರದ ಮೊದಲ ಪಾಲು ಲಸಿಕೆ ಕಾಯುವ ಆರೋಗ್ಯ ಕೇಂದ್ರಕ್ಕೆ ಸಲ್ಲಬೇಕು, ಮಾಲ್‌ಗಳಿಗಲ್ಲ. ನಾಲ್ಕು, ಗೋಗಿ ಮತ್ತು ಸುತ್ತಲಿನ ಹಳ್ಳಿಗಳ ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಕನ್ನಡದಲ್ಲಿ ಗ್ರಾಮ ಪಂಚಾಯಿತಿಯ ಹಲಗೆಯ ಮೇಲೆ ಬರೆಯಬೇಕು. ಐದು, ಮಿಕ್ಕೆಲ್ಲಕ್ಕಿಂತ ಮುಖ್ಯವಾಗಿ, ಖನಿಜಕ್ಕೆ ಯಾವ ಹೆಸರಿಟ್ಟರೂ ಊರಿನವರ ಆಲಿಕೆಯಿಲ್ಲದೆ ಗಣಿಯಿಲ್ಲ ಎಂಬ ನಿಯಮ ಮತ್ತೆ ಊರ್ಜಿತವಾಗಬೇಕು.

ಕೊನೆಯ ಬೇಡಿಕೆ ಗೋಗಿಯದು ಮಾತ್ರವಲ್ಲ. ‘ನಿರ್ಣಾಯಕ’ ಎಂಬ ಪಟ್ಟಿ ಉದ್ದವಾದಷ್ಟೂ ಪಶ್ಚಿಮಘಟ್ಟದ ಯಾವ ಗುಡ್ಡದಡಿ ಯಾವ ಖನಿಜ ನಿರ್ಣಾಯಕವಾಗಿ ಕಾಣಿಸೀತೆಂದು ಬಲ್ಲವರಾರು? ಕುದುರೆಮುಖವನ್ನು ಪ್ರಶ್ನಿಸಲು ಮಲೆನಾಡಿಗರಿಗೆ ದೊರೆತಿದ್ದ ಅವಕಾಶ ಶಹಾಪುರದ ರೈತನಿಗೆ ಇಂದು ತಪ್ಪಿದರೆ, ನಾಳೆ ಅದು ಮಲೆನಾಡಿಗರಿಗೂ ತಪ್ಪುತ್ತದೆ. ಹಾಗಾಗಿ ಮುಂದಿನ ಗ್ರಾಮಸಭೆಗಳಲ್ಲಿ ಘಟ್ಟದ ಪಂಚಾಯಿತಿಗಳು ಗೋಗಿಯ ಪರವಾಗಿ ಒಂದು ಠರಾವನ್ನು ಬರೆದು ಬೆಂಗಳೂರಿಗೂ ದೆಹಲಿಗೂ ಕಳಿಸುವುದು ಉಪಕಾರದ ಕೆಲಸವಲ್ಲ, ಆತ್ಮರಕ್ಷಣೆಯ ಕೆಲಸ.